ಸೋಪು ಹಾಕಿ ತೊಳೆದ ಕೈ

ಕೊಳ್ಳೇಗಾಲದ ಆ ಮೆಕ್ಯಾನಿಕ್ಕು ಗ್ರೀಸು ಕೈಯಲ್ಲೇ ಬೋಂಡ ತಿನ್ನುತ್ತಿದ್ದರು. ಹಳೇ ಕಾರುಗಳ ಕ್ಲಬ್ಬಿನ ಪತ್ರಿಕೆಯನ್ನು ಅಂಚೆಯವನು ತಂದರೆ ಮಾತ್ರ ಮೊಣಕೈವರೆಗೆ ಸೋಪು ಹಾಕಿ ತೊಳೆದೇ ಮುಟ್ಟುತ್ತಿದ್ದರು. ಮಹದೇಶ್ವರ ಬೆಟ್ಟಕ್ಕೆ ಹೊರಟವರ ಗಾಡಿ ಬಾನೆಟ್ ತೆರೆದುಕೊಂಡು ನಿಂತಿದ್ದರೂ "ಇರಿ ಸಾ, ಓದ್ಕತೀನಿ" ಎನ್ನುತ್ತಿದ್ದರು. ಓದುತ್ತಿದ್ದುದು ಅಷ್ಟಕ್ಕಷ್ಟೇ, ಕಾರುಗಳ ಚಿತ್ರ ನೋಡುತ್ತಿದ್ದುದೇ ಹೆಚ್ಚು.

ಆಮೇಲೆ ಕ್ಲಬ್ಬಿನವರು ಅಚ್ಚು ಹಾಕುವುದನ್ನು ನಿಲ್ಲಿಸಿ ಪತ್ರಿಕೆಯನ್ನು ಮೊಬೈಲಿಗೇ ಕಳಿಸತೊಡಗಿದರು. ಹಾಗೆ ಪತ್ರಿಕೆ ಮೊದಲ ಸಲ ಬಂದಾಗ, ಗಾಡಿ ರಿಪೇರಿಗೆಂದು ಹೋಗಿದ್ದ ನಾನು ಅಲ್ಲೇ ಇದ್ದೆ. ಎಂದಿನಂತೆ ಕೈ ತೊಳೆದು ಬಂದು ಮೊಬೈಲಿನ ಮೇಲೆ ಭಕ್ತಿಯಿಂದ ಬೆರಳಾಡಿಸಿದರು. ಒದ್ದೆ ಬೆರಳಿಗೆ ಪುಟ ತಿರುಗಲಿಲ್ಲ.

"ಒರೆಸ್ಕೊಳ್ಳಿ" ಎಂದೆ.

ಸುತ್ತ ನೋಡಿ, ಬೇರೇನೂ ಸಿಗದೆ, ಗ್ರೀಸು ಬಟ್ಟೆಗೇ ಕೈ ಒರೆಸಿಕೊಂಡರು. ಪುಟ ತಟ್ಟನೆ ತಿರುಗಿತು. ಅವರ ಮುಖ ಸಪ್ಪಗಾಯಿತು. ಮೊಬೈಲನ್ನು ಬೋಂಡದ ತಟ್ಟೆಯ ಪಕ್ಕ ಕುಕ್ಕಿದರು.

"ಕೊಳೆ ಕೈಗೆ ತಿರುಗೋದೂ ಒಂದು ಪುಸ್ತಕವಾ ಸಾ?"