ನುಗ್ಗೆಮರ ಹತ್ತಿದ ಇಗುವಾನ

ಹರವೆಯ ಹತ್ತಿರ ಅಕ್ಕನ ತೋಟದ ಮನೆ. ಅಲ್ಲಿ ಅವಳ ಮಗಳು ಇಗುವಾನ ಎಂಬ ಹೊರದೇಶದ ಹಸಿರು ಹಲ್ಲಿಯೊಂದನ್ನು ಸಾಕಿದ್ದಳು. ಗುಂಡ್ಲುಪೇಟೆಯ ಅಂಗಡಿಯಲ್ಲಿ ಕೊಂಡಾಗ ಗೇಣುದ್ದವಿದ್ದದ್ದು ಎರಡು ವರ್ಷದಲ್ಲಿ ಬಾಲ ಸೇರಿ ನಾಲ್ಕಡಿಯಾಗಿತ್ತು.

ಹೋದ ವರ್ಷ ಮನೆಯವರೆಲ್ಲ ಮದುವೆಗೆ ಹೋದ ದಿನ ಅದಕ್ಕೆ ಸೊಪ್ಪು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಬೋನಿನ ಬಾಗಿಲು ತೆರೆದವನು ಫೋನು ನೋಡುತ್ತ ನಿಂತೆ. ಅಷ್ಟರಲ್ಲಿ ಅದು ಹೊರಬಿದ್ದು ನುಗ್ಗೆಮರ ಹತ್ತಿಬಿಟ್ಟಿತು. ಇಲ್ಲಿಯವರೆಗೆ ನನ್ನ ನೆನಪನ್ನು ನಂಬುತ್ತೇನೆ.

ಅರಿಸಿನ ಕೀಳಲು ಅಂದೇ ಹೊಸದಾಗಿ ಬಂದಿದ್ದ ಇಬ್ಬರು ಆಳುಗಳು ಮರದ ಕೆಳಗೆ ಬಂದರು. ಹಿರಿಯವನು ಕಿರಿಯವನ ಕೈಯಿಂದ ದೊಣ್ಣೆ ಕಿತ್ತುಕೊಂಡ.

"ಉಡ ಕಣ್ಲಾ, ಮುಟ್ಬ್ಯಾಡ. ಸಾರು ಕುದಿಯೋಕ್ ಮುಂಚೆ ಫಾರೆಸ್ಟ್ ಜೀಪು ಬತ್ತದೆ."

"ನಿಂಗೆ ಸಾರಿಂದೇ ಗ್ಯಾನ," ಎಂದು ಕಿರಿಯವನು ನಕ್ಕ.

ನಾನು ಸುಮ್ಮನಿದ್ದರೆ ಸಾಕಿತ್ತು. ಆದರೆ ಪ್ರಾಣಿಶಾಸ್ತ್ರ ಓದಿದವನಿಗೆ ತಪ್ಪು ಹೆಸರು ಸಹಿಸಲಾಗಲಿಲ್ಲ. ಇದು ಉಡ ಅಲ್ಲ ಎಂದು ಪಾಠ ಶುರುಮಾಡಿದೆ. ಬೆನ್ನುದ್ದಕ್ಕೂ ಬಾಚಣಿಗೆಯ ಹಲ್ಲಿನಂಥ ಮುಳ್ಳು, ಗಂಟಲ ಕೆಳಗೆ ಜೋತುಬಿದ್ದ ಚರ್ಮ, ಕಿವಿಯ ಕೆಳಗೆ ಅಂಗಿ ಗುಂಡಿಯಂತೆ ದುಂಡಗಿನ ದೊಡ್ಡ ಹುರುಪೆ, ನೆತ್ತಿಯಲ್ಲಿ ಬೆಳಕು ನೆರಳು ಮಾತ್ರ ತಿಳಿಯುವ ಚುಕ್ಕೆಗಣ್ಣು. ಉಡ ಇಲಿ, ಮೊಟ್ಟೆ ತಿನ್ನುತ್ತದೆ, ಇದಕ್ಕೆ ಸೊಪ್ಪೇ ಊಟ. ಕೊಂಬೆಯ ಮೇಲೆ ಅದು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಿತ್ತು. ಹತ್ತಿರ ಬರಬೇಡಿ ಎನ್ನುವ ರೀತಿ ಅದು. ಅದನ್ನೂ ವಿವರಿಸಿದೆ.

"ಅಂಗಾರೆ ಇದ್ಕೆ ಕೇಸಿಲ್ವಾ ಸಾ?" ಹಿರಿಯವನು ಕೇಳಿದ.

"ಕೇಸಿಲ್ಲ. ಆದರೂ ಹೊಡೀಬೇಡಿ, ಸಾಕಿರೋದು," ಎಂದು ಹೇಳಿ ಗೋಣಿಚೀಲ ತರಲು ಒಳಗೆ ಹೋದೆ. ಹಾಗೆಂದು ನನ್ನ ನೆನಪು.

ಬಂದು ನೋಡಿದರೆ ಅದು ನೆಲದ ಮೇಲೆ ತಲೆ ಜಜ್ಜಿ ಬಿದ್ದಿತ್ತು. ಕಳಚಿದ ಬಾಲವೊಂದು ಇನ್ನೂ ಹೊರಳುತ್ತಿತ್ತು.

"ಹೊಡೀಬೇಡಿ ಅಂದೆನಲ್ಲ!"

"ಕೇಸಿಲ್ಲ ಅಂದ್ರಿ, ಅಷ್ಟೇಯ. ಸಾಕಿರೋದು ಅಂದಿದ್ರೆ ಮುಟ್ತಿದ್ವಾ ಸಾ?"

ಹಿರಿಯವನ ದನಿಯಲ್ಲಿ ಹೆದರಿಕೆಯಿತ್ತು, ಸುಳ್ಳಿರಲಿಲ್ಲ. ಹೊಡೀಬೇಡಿ, ಸಾಕಿರೋದು ಎಂಬ ನನ್ನ ಮಾತನ್ನು ಆಮೇಲೆ ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದೇನೆ. ಹೇಳಿಕೊಂಡಷ್ಟೂ ಅದು ಸ್ಪಷ್ಟವಾಗುತ್ತ ಹೋಗುತ್ತದೆ, ನನ್ನ ಅನುಮಾನವೂ ಅದರಿಂದಲೇ. ನೆತ್ತಿಗಣ್ಣಿನ ವಿವರಣೆ ಅಂದೇ ಬಾಯಿಂದ ಬಂದದ್ದು ನಿಜ. ಹೊಡೀಬೇಡಿ ಎಂಬುದನ್ನು ಅಂದೆನೋ, ಅನ್ನಬೇಕೆಂದು ಅಂದುಕೊಂಡು ಒಳಗೆ ಹೋದೆನೋ?

ಸಂಜೆ ಅಕ್ಕನ ಮಗಳು ಅತ್ತು ಅತ್ತು ಕೆಂಪಾದ ಕಣ್ಣಲ್ಲಿ ಕೇಳಿದಳು. "ಮಾವ, ಸಾಕಿರೋದು ಅಂತ ಅವ್ರಿಗೆ ಯೋಳಿದ್ಯಾ?"

"ಯೋಳ್ದೆ ಕಣಮ್ಮಿ."

ಮರುದಿನ ಭಾವ ಅವರಿಬ್ಬರನ್ನೂ ಗೇಟಿನಲ್ಲೇ ನಿಲ್ಲಿಸಿ, ಇನ್ನು ಈ ತೋಟದ ಕಡೆ ಬರಬೇಡಿ ಎಂದರು. ಹಿರಿಯವನು ನಾನೇನಾದರೂ ಹೇಳುವೆನೆಂದು ನನ್ನ ಕಡೆ ನೋಡಿದ. ನಾನು ತಿರುಗಿ ಒಳಗೆ ಹೋದೆ.