ಸ್ಟಾರ್ಟರ್ ಪೆಟ್ಟಿಗೆಯ ಪಕ್ಕದ ಮಣ್ಣು

ನಮ್ಮ ಭಾವನವರು, ಅಂದರೆ ನನ್ನ ಗಂಡನ ಅಣ್ಣ, ಉಗರಗೋಳದ ಹೊಲದಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಗೆ ಒದ್ದೆ ಕೈ ಹಾಕಿದರು. ನಾನು ಬುತ್ತಿ ತಂದಿದ್ದೆ. ನೋಡನೋಡುತ್ತಲೇ ಅವರ ಕೈ ತಂತಿಗೆ ಕಚ್ಚಿಕೊಂಡಿತು, ಮೈ ಸೆಟೆಯಿತು. ಗಂಡ ಅಣ್ಣನನ್ನು ಎಳೆಯಲು ಓಡಿದ. "ಮುಟ್ಟಬ್ಯಾಡ್ರಿ!" ಎಂದು ಚೀರಿ, ಒಣ ಬಿದಿರುಗೋಲಿನಿಂದ ಮೇನ್ ಸ್ವಿಚ್ ಕೆಳಗೆ ಎಳೆದೆ. ಭಾವನವರು ದೊಪ್ಪನೆ ಬಿದ್ದರು. ಮೂಗಿನ ಹತ್ತಿರ ಕೈ ಹಿಡಿದೆ, ಉಸಿರಿಲ್ಲ.

ನಾನು ಅಂಗನವಾಡಿ ಕಾರ್ಯಕರ್ತೆ. ಸವದತ್ತಿಯ ತರಬೇತಿಯಲ್ಲಿ ರಬ್ಬರ್ ಬೊಂಬೆಯ ಎದೆ ಒತ್ತಿ ಕಲಿತಿದ್ದೆ. ಆದರೆ ಬೊಂಬೆ ಭಾವನಲ್ಲವಲ್ಲ! ಮದುವೆಯಾಗಿ ಒಂಬತ್ತು ವರ್ಷ, ಅವರೆದುರು ತಲೆಯ ಸೆರಗು ಜಾರಲು ಬಿಟ್ಟವಳಲ್ಲ ನಾನು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡೂ ಕೈ ಅವರ ಎದೆಯ ಮೇಲಿಟ್ಟು, ಎಣಿಸುತ್ತ ಒತ್ತತೊಡಗಿದೆ. ಗಂಡನಿಗೆ ೧೦೮ಕ್ಕೆ ಫೋನ್ ಹಚ್ಚಲು ಹೇಳಿದೆ.

"ಏ ಹುಚ್ಚಿ, ಭಾವನ ಮೈ ಮುಟ್ಟತಿ? ಕೈ ತಗಿ!" ಬದುವಿನಿಂದ ಓಡಿ ಬಂದ ಅತ್ತೆ ನನ್ನ ರಟ್ಟೆ ಹಿಡಿದು ಎಳೆದರು. "ಹಸಿ ಮಣ್ಣ ಹಾಕ್ರಿ ಅವನ ಮ್ಯಾಲ. ಭೂಮಿತಾಯಿ ಕರೆಂಟ ಎಳಕೋತಾಳ!"

ನಮ್ಮ ಕಡೆಯ ದೊಡ್ಡ ಔಷಧಿ ಇದು. ಮೈಯಲ್ಲಿ ಕರೆಂಟು ಉಳಿಯುವುದಿಲ್ಲ, ನಿಂತಿರುವುದು ಎದೆಬಡಿತ ಎಂದು ಹೇಳಬೇಕು, ಆದರೆ ನನ್ನ ಬಾಯಿ ಎಣಿಕೆಯಲ್ಲಿತ್ತು. ಪಕ್ಕದ ಹೊಲದವರಿಬ್ಬರು ಸಲಿಕೆ ತಂದು ಕಾಲುವೆಯ ಕೆಸರನ್ನು ಭಾವನವರ ಕಾಲ ಮೇಲೆ ಸುರಿಯತೊಡಗಿದರು. ಫೋನ್ ಮಾಡಿ ಮುಗಿಸಿದ ನನ್ನ ಗಂಡನೂ ಒಂದು ಸಲಿಕೆ ಹಿಡಿದ! ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಅತ್ತೆಯ ಕೈ ಕೊಡವಿ ಒತ್ತುತ್ತಲೇ ಇದ್ದೆ.

ಕೆಸರು ಸೊಂಟದವರೆಗೆ ಬಂದಿತ್ತು. ಭಾವನವರು ಗೊರಕ್ ಎಂದು ಉಸಿರೆಳೆದರು.

"ನೋಡ್ರಿ, ಮಣ್ಣ ಕರೆಂಟ ಎಳಕೊಂತು!" ಎಂದರು ಅತ್ತೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು.

ಸವದತ್ತಿ ಆಸ್ಪತ್ರೆಯಿಂದ ಅವರು ಮನೆಗೆ ಬಂದ ಮೇಲೆ ಊರೆಲ್ಲ ಮಣ್ಣಿನ ಮಹಿಮೆ. ನನ್ನ ಹೆಸರು ಬಂದದ್ದು ಸೆರಗಿನ ವಿಷಯಕ್ಕೆ ಮಾತ್ರ. ಸ್ಟಾರ್ಟರ್ ಪೆಟ್ಟಿಗೆಗೆ ಒಣ ಗೋಲು ಕಟ್ಟಿಟ್ಟು, ಎದೆ ಒತ್ತುವುದನ್ನು ಎಲ್ಲರಿಗೂ ತಲೆದಿಂಬಿನ ಮೇಲೆ ತೋರಿಸಿದೆ. ಕೋಣನ ಮುಂದೆ ಕಿನ್ನರಿ. ಗೋಲನ್ನು ಅತ್ತೆ ನೀರೊಲೆಗೆ ಹಾಕಿದರು. ಆ ಜಾಗದಲ್ಲೀಗ ಒಂದು ಗುಡ್ಡೆ ಮೆತ್ತನೆಯ ಮಣ್ಣು ತಂದು ಹಾಕಿದ್ದಾರೆ, ಮತ್ತೆ ಬೇಕಾದೀತೆಂದು.

ಮೊನ್ನೆ ಭಾವನವರು ಬರಿಗಾಲಲ್ಲಿ ಅದೇ ಪೆಟ್ಟಿಗೆ ತೆರೆಯಲು ಹೊರಟರು. "ಚಪ್ಪಲಿ ಹಾಕ್ಕೋರಿ, ಮೊದಲ ಮೇನ್ ಬಂದ್ ಮಾಡ್ರಿ" ಎಂದೆ.

"ಹೆದರಬ್ಯಾಡ ಯವ್ವಾ, ಮಣ್ಣ ಐತಲ್ಲ" ಎಂದರು. ಹೇಳುತ್ತ ಎದೆಯ ಮಧ್ಯಕ್ಕೆ ಕೈ ಒತ್ತಿಕೊಂಡರು. ನಾನು ಒತ್ತಿದ ಜಾಗ ಇನ್ನೂ ನೋಯುತ್ತದಂತೆ.

ಅವರು ಬಿದ್ದ ದಿನ ರವಿವಾರ, ನನಗೆ ರಜೆ. ಉಳಿದ ಆರು ದಿನ ನಾನು ಅಂಗನವಾಡಿಯಲ್ಲಿರುತ್ತೇನೆ.