ಟವೆಲ್ ಬೀಸದ ಚಪ್ಪಾಳೆ

ದುಬೈಯಲ್ಲಿ ನಾನು ಫುಟ್‌ಬಾಲ್ ಅಭಿಮಾನಿಯಾದದ್ದು ಬಿರಿಯಾನಿಗಾಗಿ. ಸುಳ್ಳು ಹೇಳಿ ಏನಾಗಬೇಕು? ಅಲ್ ಕೂಜ್‌ನ ಗೋದಾಮೊಂದರಲ್ಲಿ ಎ.ಸಿ. ಬಿಡಿಭಾಗಗಳ ಸ್ಟೋರ್‌ಕೀಪರ್ ಆಗಿದ್ದೆ. ಶುಕ್ರವಾರ ರಜೆ. ಖಾಲಿ ಸ್ಟೇಡಿಯಂ ಟಿವಿಯಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಒಂದು ಕ್ಲಬ್‌ನವರು ನಾವು ಕೆಲಸಗಾರರು ಉಳಿದುಕೊಂಡಿದ್ದ ಕ್ಯಾಂಪಿಗೆ ಬಸ್ ಕಳಿಸುತ್ತಿದ್ದರು. ಬಿಳಿ ಟೀ ಶರ್ಟ್, ಬಿರಿಯಾನಿ ಪೊಟ್ಟಣ ಅವರದ್ದು, ಸಂಭ್ರಮ ನಮ್ಮದು.

ಯಾವಾಗ ಸಂಭ್ರಮಿಸಬೇಕೆಂದು ಹೇಳಲು ಕ್ಯಾಂಪ್ ಬಾಸ್ ಇದ್ದರು, ಉಡುಪಿ ಕಡೆಯವರು. ಮೊದಲ ವಾರ ಸೀಟಿ ಊದಿದರು. ಆದರೆ ರೆಫರಿಯದ್ದೂ ಸೀಟಿಯೇ. ನಮ್ಮ ತಂಡದವರೇ ಒಬ್ಬರು ತಪ್ಪು ಮಾಡಿ ಹಳದಿ ಕಾರ್ಡ್ ತಿಂದಾಗ ನಾವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿಬಿಟ್ಟೆವು. ಮರುವಾರ ಸೀಟಿ ಹೋಗಿ ಕೆಂಪು ಟವೆಲ್ ಬಂತು. ಬೀಸಿದರೆ ಗದ್ದಲ, ಇಳಿಸಿದರೆ ಮೌನ.

ಆ ಹಳದಿ ಕಾರ್ಡಿನವರು ಇಂಗ್ಲೆಂಡಿನ ಮಿಡ್‌ಫೀಲ್ಡರ್. ಅಲ್ಲಿನ ಕ್ಲಬ್ಬುಗಳಲ್ಲಿ ವರ್ಷಗಟ್ಟಲೆ ಆಡಿ, ಮೊಣಕಾಲು ಸವೆಸಿಕೊಂಡು, ಕೊನೆಗಾಲಕ್ಕೆ ಇಲ್ಲಿಗೆ ಬಂದಿದ್ದರು. ಊರಿನಲ್ಲಿದ್ದ ಹೆಂಡತಿಗೆ ಫೋನಿನಲ್ಲಿ ವಿವರಿಸಿದೆ.

"ಗೋಲ್ ಹೊಡೆಯುವ ಕೆಲಸ ಅಲ್ಲ ಅವರದ್ದು. ನಡುವಲ್ಲಿ ನಿಂತು ಇವನತ್ರ ಬಾಲ್ ತಗೊಂಡು ಅವನಿಗೆ ಕೊಡುವುದು."

"ಬ್ರೋಕರಾ?"

"ಬ್ರೋಕರ್ ಅಲ್ಲ ಮಾರಾಯ್ತಿ!"

"ಹಾಗಾದ್ರೆ ನಿಮ್ಮ ಹಾಗೆ ಸ್ಟೋರ್‌ಕೀಪರಾ?"

ಅವಳು ತಮಾಷೆಗೆ ಹೇಳಿದ್ದು ನನಗೆ ನಾಟಿತು. ಕಂಪ್ರೆಸರ್ ಹುಡುಕಿ ಕೊಡುವವನು ನಾನು. ಕೋಣೆ ತಣ್ಣಗಾದ ಮೇಲೆ ಥ್ಯಾಂಕ್ಸ್ ಮೆಕ್ಯಾನಿಕ್‌ಗೆ. ಅಂದಿನಿಂದ ಚೆಂಡನ್ನು ಬಿಟ್ಟು ಅವರನ್ನೇ ನೋಡತೊಡಗಿದೆ. ಅವರು ಚೆಂಡು ಕೊಟ್ಟಾಗ ಟವೆಲ್ ಏಳುತ್ತಿರಲಿಲ್ಲ. ಪಡೆದವನು ಗೋಲ್ ಹೊಡೆದಾಗ ಏಳುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮ ಗುಟ್ಟು ಅವರಿಗೂ ಗೊತ್ತಿತ್ತು. ಒಮ್ಮೆ ಚೆಂಡೆಸೆಯಲು ಗೆರೆಯ ಬಳಿ ಬಂದವರು ಟವೆಲ್ ನೋಡಿ, ತಾವೂ ಗಾಳಿಯಲ್ಲಿ ಟವೆಲ್ ಬೀಸಿದಂತೆ ಮಾಡಿ ನಕ್ಕಿದ್ದರು. ನನಗೆ ಬಹಳ ನಾಚಿಕೆಯಾಯಿತು.

ಸೀಸನ್ ಮುಗಿಯುತ್ತ ಬಂದಾಗ ಬಸ್ಸಿನಲ್ಲಿ ಕ್ಯಾಂಪ್ ಬಾಸ್ ನನಗೆ ಹೇಳಿದರು: "ನಿನ್ನ ಇಂಗ್ಲಿಷ್‌ನವನಿಗೆ ಇನ್ನೊಂದು ವರ್ಷದ ಕಾಂಟ್ರಾಕ್ಟ್ ಬೇಕಂತೆ. ಇವತ್ತು ಸರಿ ಆಡಿದ್ರೆ ಉಂಟು, ಇಲ್ಲದಿದ್ರೆ ಖಲಾಸ್."

ಅವತ್ತು ಅವರು ಆಡಿದರು, ಕಾಲು ಆಡಲಿಲ್ಲ. ಕೊಟ್ಟ ಚೆಂಡುಗಳೆಲ್ಲ ಎದುರಾಳಿಗೆ ಹೋದವು. ದ್ವಿತೀಯಾರ್ಧದಲ್ಲಿ ಅವರ ನಂಬರಿನ ಬೋರ್ಡು ಎತ್ತಿ ಹೊರಗೆ ಕರೆದರು. ಕುಂಟುತ್ತ ನಡೆದು ಬಂದರು. ಸ್ಟೇಡಿಯಂ ತೆಪ್ಪಗಿತ್ತು. ಕ್ಯಾಂಪ್ ಬಾಸ್ ಟವೆಲನ್ನು ತೊಡೆಯ ಮೇಲೆ ಹಾಸಿಕೊಂಡು ಕೋಳಿಕಾಲು ಕಚ್ಚುತ್ತಿದ್ದರು.

ಇಷ್ಟು ವರ್ಷ ಓಡಿದವರನ್ನು ಹೀಗೆ ಕಳಿಸುವುದೇ? ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಟವೆಲ್ ಬೀಸಿದ್ದು ತಮಗೆ ಕಾಣಲಿಲ್ಲವೇನೋ ಎಂದು ಗಾಬರಿಯಾಗಿ ಪಕ್ಕದವರು ಎದ್ದರು. ಅವರನ್ನು ಕಂಡು ಹಿಂದಿನವರು. ನೋಡನೋಡುತ್ತ ಎಲ್ಲರೂ ಎದ್ದು ಕೂಗುತ್ತಿದ್ದರು. ಯಾಕೆಂದು ಒಬ್ಬರಿಗೂ ಗೊತ್ತಿರಲಿಲ್ಲ.

"ಕೂತ್ಕೊಳ್ಳಿ! ಯಾರು ಹೇಳಿದ್ದು ನಿಮಗೆ?" ಬಾಯಿ ತುಂಬ ಅನ್ನವಿದ್ದ ಕ್ಯಾಂಪ್ ಬಾಸ್ ಮಾತು ಯಾರಿಗೂ ಕೇಳಿಸಲಿಲ್ಲ.

ಆ ಇಂಗ್ಲೆಂಡಿನವರು ಗೆರೆಯ ಬಳಿ ನಿಂತರು. ಕಣ್ಣು ಮೊದಲು ಹೋದದ್ದು ಟವೆಲಿನ ಕಡೆಗೆ. ಅದು ಕ್ಯಾಂಪ್ ಬಾಸ್ ತೊಡೆಯ ಮೇಲೇ ಇತ್ತು, ಅದರ ಮೇಲೆ ಕೋಳಿಯ ಎಲುಬು. ಅದನ್ನೇ ನೋಡುತ್ತ ನಿಂತರು. ಆಮೇಲೆ ಎರಡೂ ಕೈ ತಲೆಯ ಮೇಲೆತ್ತಿ ನಮ್ಮ ಕಡೆಗೆ ತಿರುಗಿ ಚಪ್ಪಾಳೆ ತಟ್ಟಿದರು.

ಅವರಿಗೆ ಇನ್ನೊಂದು ವರ್ಷ ಸಿಗಲಿಲ್ಲ. ಮರುವಾರ ನನಗೆ ಬಸ್ಸಿನಲ್ಲಿ ಸೀಟೂ ಸಿಗಲಿಲ್ಲ. ಕ್ಯಾಂಪಿನಲ್ಲೇ ಕೂತು ಹೆಂಡತಿಗೆ ಫೋನ್ ಮಾಡಿದೆ.

"ನನಗೂ ಒಬ್ಬರು ಚಪ್ಪಾಳೆ ತಟ್ಟಿದ್ರು."

"ಹೌದಾ? ಯಾರು?"

"ಆ ಇನ್ನೊಬ್ಬ ಸ್ಟೋರ್‌ಕೀಪರ್," ಎಂದೆ.